ಹೋಲಿಕೆ

ಕಾರವಾರದ ಕೋರ್ಟಿನೆದುರು, ಝೆರಾಕ್ಸ್ ಅಂಗಡಿಯ ಮಗ್ಗುಲಲ್ಲಿ
ಇಪ್ಪತ್ತೆರಡು ವರ್ಷದಿಂದ ಟೈಪು ಕುಟ್ಟುತ್ತಿದ್ದೇನೆ.
ವಾರಸಾ, ಅಫಿಡವಿಟ್ಟು, ಜೀವನಾಂಶ,
ನೌಕಾನೆಲೆಗೆ ಹೋದ ಗದ್ದೆಯ ಪರಿಹಾರ.
ಇಂಗ್ಲಿಷಿನಲ್ಲಿ ಬಂದದ್ದನ್ನು ಕನ್ನಡ ಮಾಡಿ ಓದಿಹೇಳಿದರೆ
ಪುಟಕ್ಕೆ ಐವತ್ತು.

ಬೈತಖೋಲದ ಸುಗಂಧಾ ತಾಂಡೇಲ ತಂದದ್ದು ಹನ್ನೊಂದು ಪುಟ,
ಮುಂಬಯಿಯ ವಕೀಲರದ್ದು.
ಕಾಗದ ಎಷ್ಟು ದಪ್ಪವೆಂದರೆ
ಮಡಿಸಿದಲ್ಲಿ ಹಪ್ಪಳದ ಹಾಗೆ ಸದ್ದು.

ಪ್ಯಾರಿಸ್ಸಿನಲ್ಲಿ ಶೆವಾಂತೀ ಎಂಬುದೊಂದು ಮನೆ.
ಅಲ್ಲಿ ಅಂಗಡಿಗೆ ಮನೆ ಎನ್ನುತ್ತಾರಂತೆ.
ಆ ಮನೆಯ ಒಂದು ಕೈಚೀಲದ ದುಡ್ಡಿಗೆ
ಇಲ್ಲಿ ಹಳೆಯ ದೋಣಿ ಬರುತ್ತದೆ, ಎಂಜಿನ್ ಸಮೇತ.
ಸುಗಂಧಾಳದು ಹರಿದ ಟಾರ್ಪಾಲು, ತುಂಡು ಬಲೆ;
ಭಾನುವಾರದ ಸಂತೆಯಲ್ಲಿ ನೂರಾ ಎಂಬತ್ತು,
ಚೌಕಾಸಿ ಮಾಡಿದರೆ ನೂರೈವತ್ತು.
ಕೆಳಗಿನ ಮೂಲೆಯಲ್ಲಿ ಕೆಂಪು ದಾರದ ಹೊಲಿಗೆ: ಶೆವಂತಿ.

"ಉಚ್ಚಾರದಲ್ಲಿ ಸಾಮ್ಯ," ನಾನು ಓದಿದೆ,
"ಸದರಿ ಸಾಮ್ಯದಿಂದ ಗ್ರಾಹಕರಿಗೆ ಗೊಂದಲ ಉಂಟಾಗಿ..."
"ಯಾರಿಗೆ?"
"ಗ್ರಾಹಕರಿಗೆ."
"ಅಂದ್ರೆ ಅವರ ಅಂಗಡಿಗೆ ಹೊರಟವರು
ದಾರಿ ತಪ್ಪಿ ಬೈತಖೋಲಕ್ಕೆ ಬರ್ತಾರೆ ಅಂತನಾ?"
ಮುಂದೆ ಓದಿದೆ.

ಒಂದು ಮಾತಿಗೆ ಮಾತ್ರ ತಡೆದೆ.
ಮೋಸಗೊಳಿಸುವಂಥ ಹೋಲಿಕೆ ಎಂದು ಬರೆದು, ಹೊಡೆದು,
ಮೋಸ ಎನ್ನದೆ ಹೇಗೆ ಹೇಳುವುದೆಂದು
ಚಾ ತರಿಸಿ ಕುಡಿದೆ.
ಇಲ್ಲಿ ಹೋಲುವುದೆಲ್ಲ ಹೋಲುತ್ತಲೇ ಇದೆ:
ಅಳಿವೆಯಲ್ಲಿ ಕಾಳಿ ಸಮುದ್ರವನ್ನು,
ಬುಟ್ಟಿಯಲ್ಲಿ ಪೇಡಿ ತಾರ್ಲಿಯನ್ನು.
ಯಾರೂ ಯಾರಿಗೂ ನೋಟೀಸು ಕೊಟ್ಟದ್ದಿಲ್ಲ.

"ಶೆವಂತಿ ನನ್ನ ಆಯಿಯ ಹೆಸರು," ಎಂದಳು,
"ಇನ್ನು ಕರೀಲೂಬಾರದಾ ಅವಳನ್ನ?
ಮೊಳದ ಲೆಕ್ಕದಲ್ಲಿ ಶೆವಂತಿಗೆ ಮಾರೋ
ಹೂವಿನವರಿಗೂ ಹೋಯ್ತಾ ಈ ಕಾಗದ?"

ಆಯಿ ಹಿಂದೆಯೇ ನಿಂತಿದ್ದಳು.
ಕಾಗದದ ತಲೆಯ ಚಿನ್ನದ ಮುದ್ರೆಯನ್ನು
ಹೆಬ್ಬೆಟ್ಟಿನಿಂದ ಸವರುತ್ತಿದ್ದಳು.
ಆ ಹೆಬ್ಬೆಟ್ಟನ್ನು ಬಲ್ಲೆ.
ಐಸು, ಉಪ್ಪು, ಸಿಗಡಿಯ ಸಿಪ್ಪೆ ಮೂವತ್ತು ವರ್ಷ ತಿಂದು
ಗೆರೆಯೇ ಉಳಿದಿಲ್ಲ.
ರೇಶನ್ ಅಂಗಡಿಯ ಯಂತ್ರ ಪ್ರತಿ ತಿಂಗಳೂ
ಗುರುತು ತಾಳೆಯಾಗುತ್ತಿಲ್ಲ ಎನ್ನುತ್ತದೆ;
ಅರ್ಜಿ ಬರೆದುಕೊಟ್ಟವ ನಾನೇ, ಮೂರು ಸಲ.
ಅಕ್ಕಿಯ ಹೊತ್ತಿಗೆ ಶೆವಂತಿ ಶೆವಂತಿಯನ್ನು ಹೋಲುವುದಿಲ್ಲ,
ಚೀಲದ ಹೊತ್ತಿಗೆ ತೀರ ಹೋಲುತ್ತಾಳೆ.

ಉತ್ತರ ಕೊಡೋಣ, ಎಂದೆ. ಹುಬ್ಬಳ್ಳಿಯಲ್ಲಿ ಒಬ್ಬರಿದ್ದಾರೆ,
ಗೆಲ್ಲಲೂಬಹುದು.
ಎಷ್ಟು, ಎಂದಳು. ಹೇಳಿದೆ.
ಮಶೀನಿನ ಕಂತು ಇನ್ನೂ ಏಳು ಬಾಕಿ, ಎಂದಳು.
ಹೋಗುವಾಗ ಪಕ್ಕದಂಗಡಿಯಲ್ಲಿ ಬ್ಲೇಡು ಕೊಂಡಳು, ಎರಡು.

ಆ ವಾರ ತಾಯಿ ಮಗಳು ಕೂತು
ನೂರಾ ಹದಿನಾಲ್ಕು ಚೀಲದ ಹೆಸರು ಬಿಚ್ಚಿದರು.
ಮುಚ್ಚಳಿಕೆ ನಾನೇ ಟೈಪು ಮಾಡಿದೆ:
ಇನ್ನು ಮುಂದೆ ನಾನಾಗಲಿ ನನ್ನ ವಾರಸುದಾರರಾಗಲಿ
ಸದರಿ ಹೆಸರನ್ನು...
ಹೆಸರಿನ ವಾರಸುದಾರಳು ಓದದೆ ಸಹಿ ಹಾಕಿದಳು.
ಸಾಕ್ಷಿ: ಶೆವಂತಿ ತಾಂಡೇಲ, ಎಡಗೈ ಹೆಬ್ಬೆಟ್ಟು.
ನೀಲಿ ಮಸಿ ಬಿತ್ತು, ಗೆರೆಯಿಲ್ಲದ ಒಂದು ಕಲೆ.
ಮುಂಬಯಿಯವರು ತಕರಾರಿಲ್ಲದೆ ಒಪ್ಪಿದರು.

ಫೀಸಿನ ಬದಲು ನನಗೊಂದು ಚೀಲ.

ದಾರ ಹೋದರೂ ಟಾರ್ಪಾಲಿನಲ್ಲಿ ತೂತು ಹೋಗುವುದಿಲ್ಲ.
ಬಿಸಿಲಿಗೆ ಹಿಡಿದರೆ ಮೂರಕ್ಷರ ಓದಬಹುದು,
ಓದಬೇಕೆಂದವರು.
ಶನಿವಾರ ಧಕ್ಕೆಯಲ್ಲಿ ಬಂಗಡೆ ತುಂಬಿಸಿ
ಸೈಕಲ್ಲಿಗೆ ತೂಗಿಹಾಕಿ ಬಂದೆ.
ಮೀನಿನ ನೀರು ಆ ತೂತುಗಳಿಂದ
ದಾರಿಯುದ್ದಕ್ಕೂ ತೊಟ್ಟಿಕ್ಕಿದೆ, ನನಗೆ ಗೊತ್ತಿಲ್ಲ.
ಗೇಟಿನ ಹತ್ತಿರ ತಿರುಗಿ ನೋಡಿದರೆ
ಓಣಿಯ ಕಿವಿಹರುಕ ಬೆಕ್ಕು
ಒಂದೊಂದೇ ಹನಿ ಮೂಸುತ್ತ, ಅವಸರವಿಲ್ಲದೆ,
ಸೀದಾ ನನ್ನ ಕಡೆಗೇ ಬರುತ್ತಿತ್ತು.
ಅದಕ್ಕೆ ಗೊಂದಲವೇನೂ ಇದ್ದ ಹಾಗೆ ಕಾಣಲಿಲ್ಲ.